ಬೆಂಗಳೂರಿನ ಗುಹೆಯಲ್ಲಿ 188 ವರ್ಷದ ಅಜ್ಜ ಸಿಕ್ಕರೇ? ಒಂಟಿ ಬದುಕಿನ ಬಗ್ಗೆ ಫಾರ್ವರ್ಡ್‌ಗಳು ಹೇಳದ ಮಾತು

2024ರ ಅಕ್ಟೋಬರ್‌ನಲ್ಲಿ ಒಂದು ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಬೆನ್ನು ಪೂರ್ತಿ ಬಾಗಿದ, ಬಿಳಿ ಗಡ್ಡದ ಅಜ್ಜನೊಬ್ಬರನ್ನು ಇಬ್ಬರು ಕೈಹಿಡಿದು ನಡೆಸುತ್ತಿದ್ದಾರೆ. ಬೆಂಗಳೂರಿನ ಹತ್ತಿರ ಗುಹೆಯೊಳಗೆ ಸಿಕ್ಕ ಇವರಿಗೆ 188 ವರ್ಷ ವಯಸ್ಸು ಎಂದು ಅದರ ಜೊತೆ ಬರೆದಿತ್ತು. ದೇಶವಿದೇಶಗಳಲ್ಲಿ ಕೋಟ್ಯಂತರ ಜನ ಅದನ್ನು ನೋಡಿದರು. "ಜನರಿಂದ ದೂರ ಇದ್ದರೆ ಆಯಸ್ಸು ಹೆಚ್ಚುತ್ತದೆ ನೋಡಿ" ಎಂಬ ಬೋಧನೆಯೂ ಕೆಲವು ಗ್ರೂಪುಗಳಲ್ಲಿ ಸೇರಿಕೊಂಡಿತು.

ಅವರು ಬೆಂಗಳೂರಿನವರಲ್ಲ, ಗುಹೆಯಲ್ಲಿ ಸಿಕ್ಕವರೂ ಅಲ್ಲ. ಅವರು ಮಧ್ಯಪ್ರದೇಶದ ಖರಗೋನ್ ಜಿಲ್ಲೆಯಲ್ಲಿ, ನರ್ಮದಾ ನದಿಯ ದಡದ ಆಶ್ರಮದಲ್ಲಿದ್ದ ಸಂತ ಸಿಯಾರಾಮ್ ಬಾಬಾ. ಅವರ ವಯಸ್ಸು ಸುಮಾರು 110 ಎಂದು ವರದಿಗಳು ಹೇಳಿದವು. ಅದೇ ವರ್ಷ ಡಿಸೆಂಬರ್ 11ರಂದು ಅವರು ತೀರಿಕೊಂಡರು. ದಾಖಲೆಗಳಿಂದ ಖಚಿತವಾಗಿರುವಂತೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಲ ಬದುಕಿದವರು ಫ್ರಾನ್ಸಿನ ಜೀನ್ ಕಾಲ್ಮಾ ಎಂಬ ಮಹಿಳೆ. ಅವರು 122 ವರ್ಷ ಬದುಕಿ 1997ರಲ್ಲಿ ತೀರಿಕೊಂಡರು. 188 ವರ್ಷ ಎಂಬುದಕ್ಕೆ ಯಾವ ಆಧಾರವೂ ಇಲ್ಲ.

ಇಲ್ಲಿಗೆ ಸುಳ್ಳು ಬಯಲಾಯಿತು ಎಂದು ಸುಮ್ಮನಾಗಬಹುದಿತ್ತು. ಆದರೆ ಈ ಫಾರ್ವರ್ಡ್‌ನಲ್ಲಿ ವಯಸ್ಸಿಗಿಂತ ದೊಡ್ಡ ಸುಳ್ಳು ಇನ್ನೊಂದಿದೆ. ಬಾಬಾ ಒಂಟಿಯಾಗಿರಲಿಲ್ಲ. ಆಶ್ರಮಕ್ಕೆ ದಿನವೂ ಭಕ್ತರು ಬರುತ್ತಿದ್ದರು. ಅದೇ ವಿಡಿಯೊದಲ್ಲಿ ಇಬ್ಬರು ಅವರ ಕೈ ಹಿಡಿದುಕೊಂಡಿದ್ದಾರೆ! ಸದಾ ಜನರ ನಡುವೆ ಇದ್ದ ಅಜ್ಜನನ್ನು ಯಾರೂ ಇಲ್ಲದ ಗುಹೆಗೆ ಕಳಿಸಿದ್ದು ಫಾರ್ವರ್ಡ್ ಮಾಡಿದ ನಾವು.

ನಮಗೆ ಇಂಥ ಕಥೆ ಯಾಕೆ ಇಷ್ಟ? ಎಲ್ಲ ಬಿಟ್ಟು ಒಬ್ಬರೇ ಬದುಕುವುದು ನಿಜಕ್ಕೂ ಸಾಧ್ಯವೇ? ಅದು ಆರೋಗ್ಯಕ್ಕೆ ಒಳ್ಳೆಯದೇ, ಕೆಟ್ಟದ್ದೇ? ಒಂದೊಂದಾಗಿ ನೋಡೋಣ.

ಪೂರ್ತಿ ಒಂಟಿಯಾಗಿ ಬದುಕಿದವರು ಇದ್ದಾರೆಯೇ?

ಇದಕ್ಕೆ ಬಹಳ ಹತ್ತಿರ ಬಂದವರು ಅಮೆರಿಕದ ಕ್ರಿಸ್ಟೋಫರ್ ನೈಟ್. 1986ರಲ್ಲಿ, 20ನೇ ವಯಸ್ಸಿನಲ್ಲಿ, ಯಾರಿಗೂ ಹೇಳದೆ ಕಾರು ಬಿಟ್ಟು ಮೇನ್ ರಾಜ್ಯದ ಕಾಡಿನೊಳಗೆ ನಡೆದುಹೋದರು. ಮತ್ತೆ ಹೊರಜಗತ್ತಿಗೆ ಬಂದದ್ದು 2013ರ ಏಪ್ರಿಲ್‌ನಲ್ಲಿ, ಅದೂ ಪೊಲೀಸರ ಜೊತೆ. ನಡುವಿನ 27 ವರ್ಷ ಅವರು ಒಂದು ಕೊಳದ ಹತ್ತಿರದ ಕಾಡಿನಲ್ಲಿ ಟೆಂಟ್ ಹಾಕಿಕೊಂಡಿದ್ದರು. ಹಿಮ ಬೀಳುವ ಚಳಿಗಾಲದಲ್ಲೂ, ಹೊಗೆ ಕಂಡು ಜನ ಬಂದುಬಿಟ್ಟಾರು ಎಂದು ಸೌದೆಯ ಬೆಂಕಿ ಹಾಕಲಿಲ್ಲ. ಆ ವರ್ಷಗಳಲ್ಲಿ ದಾರಿಹೋಕನೊಬ್ಬನಿಗೆ ಒಮ್ಮೆ "ಹಾಯ್" ಎಂದದ್ದು ಬಿಟ್ಟರೆ ಯಾರ ಜೊತೆಗೂ ಮಾತಾಡಿಲ್ಲ ಎಂದು ಪೊಲೀಸರಿಗೆ ಹೇಳಿದರು.

ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಅವರು ಊಟಕ್ಕೆ ಏನು ಮಾಡಿದರು? ಕದ್ದರು. ಸುತ್ತಲಿನ ಬೇಸಿಗೆ ಮನೆಗಳಿಗೆ, ಅಂಗವಿಕಲರಿಗಾಗಿ ನಡೆಯುವ ಒಂದು ಶಿಬಿರದ ಅಡುಗೆಮನೆಗೆ, ಸುಮಾರು 1,000 ಸಲ ರಾತ್ರಿ ನುಗ್ಗಿದರು. ಆಹಾರ, ಗ್ಯಾಸ್ ಸಿಲಿಂಡರ್, ಬ್ಯಾಟರಿ, ಬಟ್ಟೆ, ಪುಸ್ತಕ ಎಲ್ಲವೂ ಬೇರೆಯವರದ್ದೇ. ಕೇಳಲು ರೇಡಿಯೊ ಕೂಡ ಇತ್ತು. ಆ ಮನೆಗಳ ಜನ ವರ್ಷಗಟ್ಟಲೆ ಭಯದಲ್ಲಿ ಮಲಗಿದರು. ನೈಟ್ ಯಾರನ್ನೂ ನೋಡದೆ ಬದುಕಿದ್ದು ನಿಜ, ಯಾರೂ ಇಲ್ಲದೆ ಬದುಕಲಿಲ್ಲ.

ಇದಕ್ಕೆ ತದ್ವಿರುದ್ಧ ಟೆನ್ಜಿನ್ ಪಾಲ್ಮೊ ಅವರ ಕಥೆ. ಲಂಡನ್‌ನಲ್ಲಿ ಬೆಳೆದು ಬೌದ್ಧ ಸನ್ಯಾಸಿನಿಯಾದ ಇವರು 1976ರಿಂದ 1988ರವರೆಗೆ 12 ವರ್ಷ ಹಿಮಾಚಲ ಪ್ರದೇಶದ ಲಾಹೌಲ್‌ನಲ್ಲಿ, 13,000 ಅಡಿಗೂ ಮೇಲಿನ ಒಂದು ಗುಹೆಯಲ್ಲಿದ್ದರು. ಕೊನೆಯ 3 ವರ್ಷ ಯಾರನ್ನೂ ಕಾಣದ ಕಟ್ಟುನಿಟ್ಟಿನ ಸಾಧನೆ. ಆಲೂಗಡ್ಡೆ, ಟರ್ನಿಪ್ ಗಡ್ಡೆ ತಾವೇ ಬೆಳೆದುಕೊಂಡರು. ಆದರೆ ಹಿಟ್ಟು, ಅಕ್ಕಿ, ಬೇಳೆ ಬರುತ್ತಿದ್ದುದು ಕೆಳಗಿನ ಊರಿನಿಂದ, ಬೇರೊಬ್ಬರ ಬೆನ್ನ ಮೇಲೆ. ಒಮ್ಮೆ ಸಾಮಾನು ತಲುಪದೆ ಹೋದಾಗ ಅವರು ಇದ್ದುದರಲ್ಲೇ ಅರೆಹೊಟ್ಟೆ ಉಂಡು ತಿಂಗಳುಗಳನ್ನು ಕಳೆಯಬೇಕಾಯಿತು. ಕೊನೆಗೆ ಅವರ ಏಕಾಂತ ಮುರಿದದ್ದು ವೀಸಾ ತಕರಾರಿನ ನೋಟಿಸು ಹಿಡಿದು ಗುಹೆಯವರೆಗೆ ಹತ್ತಿಬಂದ ಪೊಲೀಸರಿಂದ! ಆಮೇಲೆ ಅವರು ಸನ್ಯಾಸಿನಿಯರಿಗಾಗಿ ಒಂದು ಮಠ ಕಟ್ಟಿದರು.

ಅಮೆರಿಕದ ಲೇಖಕ ಥೋರೊ ಹೆಸರನ್ನೂ ನೀವು ಕೇಳಿರಬಹುದು. 1845ರಿಂದ 1847ರವರೆಗೆ ಎರಡು ವರ್ಷ ಎರಡು ತಿಂಗಳು ಕೊಳದ ಪಕ್ಕದ ಗುಡಿಸಲಿನಲ್ಲಿ ಒಬ್ಬರೇ ಇದ್ದವರು. ಆ ಜಾಗ ಗೆಳೆಯ ಎಮರ್ಸನ್ ಅವರದು. ಊರು ಎರಡೂವರೆ ಕಿಲೋಮೀಟರ್ ದೂರ. ಆಗಾಗ ಮನೆಗೆ ಹೋಗಿ ಊಟ ಮಾಡಿಬರುತ್ತಿದ್ದರು. ಗುಡಿಸಲಿನಲ್ಲಿ ಬಂದವರಿಗೆಂದು ಹೆಚ್ಚಿನ ಕುರ್ಚಿಗಳೂ ಇದ್ದವು.

ಇದನ್ನು ಓದಿ "ಹಾಗಾದರೆ ಎಲ್ಲ ನಾಟಕ" ಎಂದುಕೊಳ್ಳಬೇಡಿ. ಥೋರೊ ಅಲ್ಲಿದ್ದದ್ದು ಬರೆಯಲು, ಯೋಚಿಸಲು. ಜನರನ್ನೇ ತೊರೆದುಬಿಡುತ್ತೇನೆ ಎಂದು ಅವರು ಹೇಳಿರಲಿಲ್ಲ. ಅದನ್ನು ಸೇರಿಸಿದ್ದು ಆಮೇಲಿನವರು.

ನಮ್ಮಲ್ಲಿ ವಿರಕ್ತರು ಎಲ್ಲಿದ್ದಾರೆ?

ನಮ್ಮ ನೆಲದ ರೂಢಿಯನ್ನು ನೋಡಿದರೆ ಈ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ದಿಗಂಬರ ಜೈನ ಮುನಿಗಳಿಗಿಂತ ಹೆಚ್ಚು ತೊರೆದವರು ಯಾರಿದ್ದಾರೆ? ಮೈಮೇಲೆ ಬಟ್ಟೆಯೂ ಇಲ್ಲ. ಆದರೆ ಶ್ರವಣಬೆಳಗೊಳಕ್ಕೆ ಹೋದರೆ ನೋಡಬಹುದು: ದಿನಕ್ಕೊಮ್ಮೆ, ನಿಂತುಕೊಂಡು, ಬೊಗಸೆಯಲ್ಲಿ ಅವರು ತೆಗೆದುಕೊಳ್ಳುವ ಆಹಾರವನ್ನು ಕೊಡುವವರು ಸಂಸಾರಸ್ಥರು. ತೊರೆದವರಿಗೂ ಒಂದು ಮನೆ ಅಡುಗೆ ಮಾಡಿ ಕಾಯಬೇಕು.

ಕೊಪ್ಪಳದ ಗವಿಮಠದ ಹೆಸರಿನಲ್ಲೇ ಗವಿ ಇದೆ. ಆದರೆ ಪ್ರತಿ ಜನವರಿಯಲ್ಲಿ ಅಲ್ಲಿನ ಜಾತ್ರೆಗೆ ಸೇರುವ ಜನ ಲಕ್ಷಾಂತರ. ಅಷ್ಟೂ ಜನಕ್ಕೆ ದಾಸೋಹ ನಡೆಯುತ್ತದೆ. ನಾಡಿನ ಎಷ್ಟೋ ವಿರಕ್ತಮಠಗಳು ಊರ ನಡುವೆ ಇವೆ, ಹಾಸ್ಟೆಲ್ ನಡೆಸುತ್ತವೆ, ಶಾಲೆ ನಡೆಸುತ್ತವೆ. ಸಂಸಾರ ಬಿಡುವುದು, ಜನರನ್ನು ಬಿಡುವುದು ಎರಡೂ ಒಂದೇ ಅಲ್ಲ ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು.

ಹಾಗಿದ್ದರೂ ಏಕಾಂತ ಯಾಕೆ ಸೆಳೆಯುತ್ತದೆ?

ಯಾಕೆಂದರೆ ಅದರಿಂದ ನಿಜವಾದ ಲಾಭವೊಂದಿದೆ.

2018ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಜನರನ್ನು 15 ನಿಮಿಷ ಒಬ್ಬರೇ ಕೂರಿಸಿ, ಮೊದಲು ಮತ್ತು ನಂತರ ಅವರ ಮನಸ್ಸಿನ ಸ್ಥಿತಿ ಕೇಳಿದರು. ಸಿಟ್ಟು, ಆತಂಕದಂಥ ಉದ್ರೇಕದ ಭಾವನೆಗಳು ಇಳಿದಿದ್ದವು. ಹಾಗೆಯೇ ಅತಿ ಉತ್ಸಾಹವೂ ಇಳಿದಿತ್ತು. ಅಂದರೆ ಏಕಾಂತ ಖುಷಿ ಕೊಡುವ ಮಾತ್ರೆಯಲ್ಲ. ಕುದಿಯುವ ಪಾತ್ರೆಯ ಕೆಳಗಿನ ಉರಿ ಸಣ್ಣ ಮಾಡಿದ ಹಾಗೆ. ಒಬ್ಬರೇ ಇರಬೇಕು ಎಂದು ತಾವೇ ಬಯಸಿದವರಿಗೆ ಅದರಿಂದ ಹೆಚ್ಚು ನೆಮ್ಮದಿ ಸಿಕ್ಕಿತ್ತು.

ಇಡೀ ದಿನ ಆಫೀಸು, ಟ್ರಾಫಿಕ್ಕು, ಮೀಟಿಂಗು, ಮನೆಗೆ ಬಂದರೆ ಮಕ್ಕಳ ಹೋಂವರ್ಕು, ನಡುವೆ ಮೊಬೈಲಿನಲ್ಲಿ 40 ಗ್ರೂಪು. ಇಂಥ ಬದುಕಿನಲ್ಲಿ "ಎಲ್ಲ ಬಿಟ್ಟು ಮಲೆನಾಡಿನ ಕಡೆ ಒಂದು ಸಣ್ಣ ಮನೆ ಮಾಡಿಕೊಂಡು ಇದ್ದುಬಿಡೋಣ" ಎನಿಸದವರು ಯಾರು? ಗುಹೆಯ ಅಜ್ಜನ ವಿಡಿಯೊ ಅಷ್ಟು ಓಡುವುದು ಇದಕ್ಕೇ. ಅದರಲ್ಲಿ ನಾವು ನೋಡುವುದು ಅಜ್ಜನನ್ನಲ್ಲ, ನಮಗೆ ಸಿಗದ ಬಿಡುವನ್ನು.

ಆದರೆ ಆ ಬಿಡುವು ಕೈಗೆ ಸಿಕ್ಕಾಗ ನಾವು ಏನು ಮಾಡುತ್ತೇವೆ? 2014ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಜನರನ್ನು 15 ನಿಮಿಷ ಖಾಲಿ ಕೋಣೆಯಲ್ಲಿ ಒಬ್ಬರೇ ಕೂರಿಸಿದರು. ಫೋನಿಲ್ಲ, ಪುಸ್ತಕವಿಲ್ಲ. ಬೇಕಿದ್ದರೆ ಒಂದು ಗುಂಡಿ ಒತ್ತಿ ಸಣ್ಣ ಕರೆಂಟ್ ಶಾಕ್ ಹೊಡೆಸಿಕೊಳ್ಳಬಹುದಿತ್ತು. ಈ ಶಾಕ್ ಬೇಡವೇ ಬೇಡ, ತಪ್ಪಿಸಿಕೊಳ್ಳಲು ಬೇಕಾದರೆ ದುಡ್ಡು ಕೊಡುತ್ತೇವೆ ಎಂದು ಮೊದಲು ಹೇಳಿದ್ದವರೇ ಅವರು. ಆದರೂ 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಸುಮ್ಮನೆ ಕೂರಲಾರದೆ ಗುಂಡಿ ಒತ್ತಿದರು.

ಇದು ಸಣ್ಣ ಪ್ರಯೋಗ, ಎಲ್ಲರಿಗೂ ಅನ್ವಯಿಸಬೇಕಿಲ್ಲ. ಆದರೂ ಒಂದು ಮಾತು ಗೊತ್ತಾಗುತ್ತದೆ: ಏಕಾಂತವನ್ನು ಬಯಸುವುದು ಸುಲಭ, ಅದರಲ್ಲಿ ಇರುವುದಕ್ಕೆ ಅಭ್ಯಾಸ ಬೇಕು.

ಏಕಾಂತ ಬೇರೆ, ಒಂಟಿತನ ಬೇರೆ

ಕನ್ನಡದಲ್ಲಿ ನಮಗೆ ಎರಡು ಪದಗಳಿರುವುದು ಪುಣ್ಯ. ಏಕಾಂತ ಎಂದರೆ ಒಬ್ಬರೇ ಇರುವುದು, ಅದನ್ನು ಬಯಸಿ ಇರುವುದು. ಒಂಟಿತನ ಎಂದರೆ ಬೇಕಾದ ಜೊತೆ ಸಿಗದೆ ನೋಯುವುದು. ತುಂಬಿದ ಮದುವೆ ಮನೆಯಲ್ಲೂ ಒಂಟಿತನ ಕಾಡಬಹುದು. ತೋಟದ ಮನೆಯಲ್ಲಿ ಒಬ್ಬರೇ ಇದ್ದರೂ ಅದು ಇಲ್ಲದಿರಬಹುದು.

ಒಂಟಿತನ ಹಸಿವು, ಬಾಯಾರಿಕೆಯ ಹಾಗೆ ದೇಹವೇ ಕೊಡುವ ಸೂಚನೆ ಎಂದು ಅಮೆರಿಕದ ಮನೋವಿಜ್ಞಾನಿ ಜಾನ್ ಕ್ಯಾಸಿಯೊಪೊ ವಿವರಿಸಿದ್ದರು. ಗುಂಪಿನಲ್ಲಿದ್ದರೆ ಮಾತ್ರ ಉಳಿಯುತ್ತಿದ್ದ ಜೀವಿ ಮನುಷ್ಯ. ಹೊಟ್ಟೆ ಖಾಲಿಯಾದರೆ ಹಸಿವು ಅನ್ನದ ಕಡೆ ತಳ್ಳುವಂತೆ, ಒಂಟಿತನ ಜನರ ಕಡೆ ತಳ್ಳುತ್ತದೆ. ಅಮೆರಿಕದ ಎಂಐಟಿಯ ಸಂಶೋಧಕರು 2020ರಲ್ಲಿ ಇದನ್ನು ಪರೀಕ್ಷಿಸಿದರು. 40 ಜನರನ್ನು ಒಂದು ದಿನ 10 ಗಂಟೆ ಉಪವಾಸ, ಇನ್ನೊಂದು ದಿನ 10 ಗಂಟೆ ಜನಸಂಪರ್ಕವಿಲ್ಲದೆ ಇರಿಸಿ, ಆಮೇಲೆ ಮೆದುಳಿನ ಸ್ಕ್ಯಾನ್ ಮಾಡಿದರು. ಉಪವಾಸದ ನಂತರ ಊಟದ ಚಿತ್ರ ಕಂಡಾಗ, ಒಂಟಿಯಾಗಿದ್ದ ನಂತರ ಜನ ಕೂಡಿರುವ ಚಿತ್ರ ಕಂಡಾಗ, ಮಿದುಳಿನ ಒಂದೇ ಭಾಗ ಒಂದೇ ಬಗೆಯಲ್ಲಿ ಪ್ರತಿಕ್ರಿಯಿಸಿತ್ತು.

ಉಪವಾಸದ ಹೋಲಿಕೆಯನ್ನೇ ಮುಂದುವರಿಸೋಣ. ಏಕಾದಶಿಯ ದಿನ ಊಟ ಬಿಟ್ಟವರು ಹಗುರವಾಗಿದೆ ಎನ್ನುತ್ತಾರೆ. ಮನೆಯಲ್ಲಿ ಅಕ್ಕಿಯೇ ಇಲ್ಲದೆ ಊಟ ಬಿಟ್ಟವರಿಗೆ ಹಾಗನಿಸುವುದಿಲ್ಲ. ಖಾಲಿ ಹೊಟ್ಟೆ ಎರಡೂ ಕಡೆ ಒಂದೇ. ವ್ಯತ್ಯಾಸ ಇರುವುದು ಆಯ್ಕೆಯಲ್ಲಿ, ಮತ್ತು ನಾಳೆ ಊಟ ಇದೆ ಎಂಬ ಭರವಸೆಯಲ್ಲಿ.

ಜೈಲುಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ಕೈದಿಯನ್ನು ದಿನಕ್ಕೆ 22 ಗಂಟೆ ಅಥವಾ ಹೆಚ್ಚು ಕಾಲ ಜನಸಂಪರ್ಕವಿಲ್ಲದೆ, ಸತತ 15 ದಿನಕ್ಕಿಂತ ಹೆಚ್ಚು ಇಡಬಾರದು ಎಂದು ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಮಂಡೇಲಾ ನಿಯಮಗಳು ಹೇಳುತ್ತವೆ. ಟೆನ್ಜಿನ್ ಪಾಲ್ಮೊ 3 ವರ್ಷ ತಾವಾಗಿ ಮಾಡಿದ್ದನ್ನು 15 ದಿನದ ಮೇಲೆ ಬಲವಂತವಾಗಿ ಮಾಡಿಸಿದರೆ ಅದು ಹಿಂಸೆ. ಬಾಗಿಲ ಚಿಲಕ ಒಳಗಿದೆಯೋ ಹೊರಗಿದೆಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಈ ಎರಡು ಫಾರ್ವರ್ಡ್‌ಗಳು ನಿಮಗೂ ಬಂದಿರಬಹುದು

*"ಒಂಟಿಯಾಗಿರುವುದು ದಿನಕ್ಕೆ 15 ಸಿಗರೇಟು ಸೇದುವುದಕ್ಕೆ ಸಮ."*

ಅರ್ಧ ಸತ್ಯ. ಇದರ ಮೂಲ 2010ರ ಒಂದು ವಿಶ್ಲೇಷಣೆ. 148 ಅಧ್ಯಯನಗಳನ್ನು, 3 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ನೋಡಿದಾಗ, ಗಟ್ಟಿ ಸಂಬಂಧಗಳಿದ್ದವರು ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಾಧ್ಯತೆ ಶೇ. 50ರಷ್ಟು ಹೆಚ್ಚಿತ್ತು. ಆ ವ್ಯತ್ಯಾಸದ ಗಾತ್ರ ಎಷ್ಟು ದೊಡ್ಡದು ಎಂದು ತೋರಿಸಲು ಧೂಮಪಾನದ ಜೊತೆ ಹೋಲಿಸಿದರು. ಒಬ್ಬರೇ ಕೂತರೆ ಶ್ವಾಸಕೋಶ ಸುಡುತ್ತದೆ ಎಂದಲ್ಲ. ಅದೇ ವಿಶ್ಲೇಷಣೆಯ ಇನ್ನೊಂದು ಅಂಶವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ: ಸ್ನೇಹ, ನೆಂಟಸ್ತನ, ಊರಿನ ಒಡನಾಟ ಹೀಗೆ ಹಲವು ಬಗೆಯ ನಂಟು ಇದೆಯೇ ಎಂದು ಅಳೆದಾಗ ಕಂಡ ವ್ಯತ್ಯಾಸ ಎಲ್ಲಕ್ಕಿಂತ ದೊಡ್ಡದು. ಮನೆಯಲ್ಲಿ ಒಬ್ಬರೇ ಇದ್ದಾರೋ ಜೊತೆಗೆ ಯಾರಾದರೂ ಇದ್ದಾರೋ ಎಂದಷ್ಟೇ ಅಳೆದಾಗ ಕಂಡದ್ದು ಎಲ್ಲಕ್ಕಿಂತ ಚಿಕ್ಕದು. ಒಂಟಿ ಮನೆಗಿಂತ ಕಡಿದ ನಂಟು ಹೆಚ್ಚು ಅಪಾಯ. ಕಾಯಿಲೆ ಇರುವವರು ಹೊರಗೆ ಹೋಗುವುದೇ ಕಡಿಮೆಯಾದ್ದರಿಂದ ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸುವುದೂ ಕಷ್ಟ.

ಹಾಗೆಂದು ವಿಷಯ ಸಣ್ಣದಲ್ಲ. ಜಗತ್ತಿನಲ್ಲಿ 6 ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ, ವರ್ಷಕ್ಕೆ 8.7 ಲಕ್ಷಕ್ಕೂ ಹೆಚ್ಚು ಸಾವುಗಳಿಗೆ ಇದರ ನಂಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಅಂದಾಜಿಸಿದೆ.

*"ಬುದ್ಧಿವಂತರು ಒಂಟಿಯಾಗಿರುತ್ತಾರೆ, ವಿಜ್ಞಾನವೇ ಹೇಳಿದೆ."*

ದಾರಿ ತಪ್ಪಿಸುವ ಮಾತು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 18ರಿಂದ 28 ವರ್ಷದ ಸುಮಾರು 15,000 ಅಮೆರಿಕನ್ನರ ಮಾಹಿತಿ ನೋಡಿದ್ದರು. ಹೆಚ್ಚಿನವರಿಗೆ ಗೆಳೆಯರನ್ನು ಆಗಾಗ ಭೇಟಿಯಾದರೆ ತೃಪ್ತಿ ಹೆಚ್ಚು, ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಬಹಳ ಅಂಕ ಪಡೆದವರಲ್ಲಿ ಹಾಗಿರಲಿಲ್ಲ ಎಂಬುದು ಅದರ ಸಾರ. ಅದು ಒಂದು ದೇಶದ ಒಂದು ವಯಸ್ಸಿನವರ ಸರಾಸರಿ ಲೆಕ್ಕ. ಗೆಳೆಯರನ್ನು ಬಿಟ್ಟರೆ ಬುದ್ಧಿ ಬರುತ್ತದೆ ಎಂದು ಅಲ್ಲಿ ಎಲ್ಲೂ ಇಲ್ಲ.

ಕೋಣೆ ಬಾಗಿಲು ಮುಚ್ಚಿಕೊಂಡಾಗ

ಇಂಥ ಫಾರ್ವರ್ಡ್‌ಗಳಿಂದ ಯಾರಿಗೇನು ನಷ್ಟ ಎಂದು ನೀವು ಕೇಳಬಹುದು. ನಷ್ಟವಾಗುವುದು ನಮ್ಮ ಮನೆಗಳಲ್ಲೇ.

ಜಪಾನಿನಲ್ಲಿ "ಹಿಕಿಕೊಮೊರಿ" ಎಂಬ ಪದವಿದೆ. 6 ತಿಂಗಳು ಅಥವಾ ಹೆಚ್ಚು ಕಾಲ ಶಾಲೆ, ಕೆಲಸ, ಗೆಳೆಯರು ಎಲ್ಲ ಬಿಟ್ಟು ಮನೆಯೊಳಗೇ ಉಳಿದುಬಿಟ್ಟವರಿಗೆ ಈ ಹೆಸರು. ಮನೋವೈದ್ಯ ಸೈಟೊ ತಮಾಕಿ 1998ರಲ್ಲಿ ಈ ಬಗ್ಗೆ ಪುಸ್ತಕ ಬರೆದ ಮೇಲೆ ಪದ ಎಲ್ಲೆಡೆ ಬಳಕೆಗೆ ಬಂತು. ಅಲ್ಲಿನ ಸರ್ಕಾರ 2023ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ 15ರಿಂದ 64 ವರ್ಷದವರಲ್ಲಿ ಇಂಥವರು ಸುಮಾರು 14.6 ಲಕ್ಷ. ಹೀಗೆ ಒಳಗೆ ಸೇರಿದ ಎಷ್ಟೋ ಹುಡುಗರಿಗೆ ಈಗ 50 ವರ್ಷ, ಅವರನ್ನು ಸಾಕುತ್ತಿರುವ ಅಪ್ಪ ಅಮ್ಮನಿಗೆ 80. ಜಪಾನಿನಲ್ಲಿ ಇದಕ್ಕೆ "8050 ಸಮಸ್ಯೆ" ಎಂದೇ ಹೆಸರು.

ಇವರು ಸನ್ಯಾಸಿಗಳಲ್ಲ. ಹೆಚ್ಚಿನವರು ಬೇಕೆಂದು ಒಳಗೆ ಹೋದವರೂ ಅಲ್ಲ. ಪರೀಕ್ಷೆಯಲ್ಲಿ ಸೋಲು, ಕೆಲಸ ಹೋದದ್ದು, ಶಾಲೆಯಲ್ಲಿ ಕಿರುಕುಳ, ಕಾಯಿಲೆ, ಹೀಗೆ ಒಂದೊಂದು ಕಾರಣ. ನಾಲ್ಕು ದಿನ ಎಂದು ಮುಚ್ಚಿದ ಬಾಗಿಲನ್ನು ತೆರೆಯಲು ಆಮೇಲೆ ಧೈರ್ಯ ಬರುವುದಿಲ್ಲ.

ನಮ್ಮಲ್ಲಿ ಏನಾಗುತ್ತದೆ? ಎರಡು ವರ್ಷದಿಂದ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ, ಈಗ ಊಟಕ್ಕೂ ಹೊರಗೆ ಬಾರದ ಹುಡುಗನ ಬಗ್ಗೆ "ನಮ್ಮ ಹುಡುಗ ಯಾರ ತಂಟೆಗೂ ಹೋಗಲ್ಲ, ರೂಮಲ್ಲೇ ಇರ್ತಾನೆ" ಎಂದು ಅಮ್ಮ ಹೆಮ್ಮೆಯಿಂದ ಹೇಳುತ್ತಾರೆ. ಅಜ್ಜಿ ತೀರಿಕೊಂಡ ಮೇಲೆ ಮಾತೇ ಬಿಟ್ಟ ಅಜ್ಜನ ಬಗ್ಗೆ "ವಯಸ್ಸಾಯ್ತು, ವೈರಾಗ್ಯ ಬಂದಿದೆ" ಎನ್ನುತ್ತೇವೆ. ಅದು ವೈರಾಗ್ಯವೇ ಆಗಿರಬಹುದು. ಖಿನ್ನತೆಯೂ ಆಗಿರಬಹುದು. ಎಷ್ಟೋ ಸಲ ಅಜ್ಜನಿಗೆ ಕಿವಿ ಕೇಳಿಸುತ್ತಿರುವುದಿಲ್ಲ ಅಷ್ಟೇ. ಪದೇ ಪದೇ "ಏನಂದೆ?" ಎಂದು ಕೇಳಲು ಸಂಕೋಚಪಟ್ಟು ಸುಮ್ಮನಾಗಿರುತ್ತಾರೆ. ಗುಹೆಯ ಮಹಾತ್ಮರ ಕಥೆಗಳನ್ನು ದಿನವೂ ಓದುವ ನಮಗೆ, ಮನೆಯೊಳಗಿನ ಮೌನವೂ ದೊಡ್ಡತನದಂತೆ ಕಾಣುತ್ತದೆ.

ಗುರುತಿಸುವುದು ಹೇಗೆ?

ಏಕಾಂತ ಇಷ್ಟಪಡುವವರು ಸಾಮಾನ್ಯವಾಗಿ ಹೀಗಿರುತ್ತಾರೆ:

- ಒಬ್ಬರೇ ಇದ್ದಾಗ ಏನೋ ಒಂದು ಮಾಡುತ್ತಿರುತ್ತಾರೆ: ಓದು, ತೋಟ, ಪೂಜೆ, ಹಾಡು, ಕೆಲಸ.
- ಊಟ, ನಿದ್ದೆ, ಸ್ನಾನ ಸರಿಯಾಗಿರುತ್ತದೆ.
- ಬೇಕೆನಿಸಿದವರ ಜೊತೆ ಮಾತಾಡುತ್ತಾರೆ. ಕರೆದರೆ ಹೊರಗೆ ಬರಬಲ್ಲರು.
- ಏಕಾಂತ ಮುಗಿಸಿ ಬಂದಾಗ ಮುಖದಲ್ಲಿ ಗೆಲುವಿರುತ್ತದೆ.

ಹೀಗಿದ್ದರೆ ಗಮನ ಕೊಡಿ:

- ಮೊದಲು ಇಷ್ಟವಿದ್ದ ಕ್ರಿಕೆಟ್, ಸಿನಿಮಾ, ಅಡುಗೆ ಯಾವುದೂ ಬೇಡವಾಗಿದೆ.
- ರಾತ್ರಿ ಎಚ್ಚರ, ಹಗಲು ನಿದ್ದೆ. ಊಟದ ತಟ್ಟೆ ಬಾಗಿಲ ಹೊರಗೇ ಉಳಿಯುತ್ತದೆ.
- ಆಪ್ತ ಗೆಳೆಯನ ಫೋನನ್ನೂ ಎತ್ತುವುದಿಲ್ಲ.
- ಸ್ನಾನ, ಬಟ್ಟೆಯ ಕಡೆ ಗಮನವಿಲ್ಲ.
- "ನಾನಿದ್ದು ಯಾರಿಗೇನು ಉಪಯೋಗ" ಎಂಬಂಥ ಮಾತು ಬರುತ್ತದೆ.

ಇವು ಎರಡು ವಾರಕ್ಕಿಂತ ಹೆಚ್ಚು ಮುಂದುವರಿದರೆ ವೈದ್ಯರ ಬಳಿ ಮಾತಾಡಿ. ಕೊನೆಯ ಮಾತು ಒಮ್ಮೆ ಕೇಳಿದರೂ ಕಾಯಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ತೊಂದರೆಯಲ್ಲಿರುವವರೇ ಕರೆ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು.

ಬಾಗಿಲು ಬಡಿದು "ಹೊರಗೆ ಬಾ, ನಾಲ್ಕು ಜನರ ಹಾಗೆ ಇರು" ಎಂದು ಗದರಿಸಬೇಡಿ. "ಕಾಫಿ ಮಾಡಿದೀನಿ, ಕುಡಿಯೋಣ ಬಾ" ಎನ್ನಿ. ಬಾರದಿದ್ದರೆ ಬೇಸರ ಬೇಡ, ನಾಳೆ ಮತ್ತೆ ಕರೆಯಿರಿ. ಅಜ್ಜ ಮಾತು ಬಿಟ್ಟಿದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಊರಲ್ಲಿ ಒಬ್ಬರೇ ಇರುವ ಅಮ್ಮನಿಗೆ ಗುಡ್ ಮಾರ್ನಿಂಗ್ ಚಿತ್ರ ಕಳಿಸುವ ಬದಲು ಐದು ನಿಮಿಷ ಫೋನ್ ಮಾಡಿ.

ನಿಮಗೇ ಏಕಾಂತ ಬೇಕೆನಿಸಿದರೆ? ಖಂಡಿತ ತೆಗೆದುಕೊಳ್ಳಿ. ದಿನಕ್ಕೆ 15 ನಿಮಿಷ ಫೋನ್ ಇನ್ನೊಂದು ಕೋಣೆಯಲ್ಲಿಟ್ಟು ಕೂತರೂ ಸಾಕು. ಮನೆಯವರಿಗೆ ಹೇಳಿ ಕೂರಿ. ವಿಶೇಷವಾಗಿ, ಮನೆಯಲ್ಲಿ ಹೆಂಗಸರಿಗೆ ಈ 15 ನಿಮಿಷ ಸಿಗುತ್ತಿದೆಯೇ ಎಂದು ನೋಡಿ. ಒಲೆಯ ಮುಂದೆ ಒಬ್ಬರೇ ನಿಂತಿರುವುದು ಏಕಾಂತವಲ್ಲ.

ಕೊನೆಯದಾಗಿ

ಹೇಳಿಕೆ: ಬೆಂಗಳೂರಿನ ಹತ್ತಿರ ಗುಹೆಯಲ್ಲಿ 188 ವರ್ಷದ ವ್ಯಕ್ತಿ ಒಂಟಿಯಾಗಿ ಬದುಕಿದ್ದರು.

ವಾಸ್ತವ: ಸುಳ್ಳು. ಅವರು ಮಧ್ಯಪ್ರದೇಶದ ಸಂತ, ಭಕ್ತರ ನಡುವೆ ಇದ್ದವರು. ಪೂರ್ತಿ ಒಂಟಿಯಾಗಿ ಬದುಕಿದರು ಎನ್ನುವ ಹೆಚ್ಚಿನ ಕಥೆಗಳ ಹಿಂದೆ ಅನ್ನ ಕೊಟ್ಟ, ಅಥವಾ ಅನ್ನ ಕಳೆದುಕೊಂಡ, ಯಾರೋ ಇದ್ದಾರೆ. ತಾವೇ ಆರಿಸಿಕೊಂಡ ಏಕಾಂತ ಮನಸ್ಸಿಗೆ ಒಳ್ಳೆಯದು. ಬೇಡದ ಒಂಟಿತನ ಮನಸ್ಸಿಗೂ ದೇಹಕ್ಕೂ ಕೆಟ್ಟದ್ದು.

ಮುಂದಿನ ಸಲ ಗುಹೆಯ ಅಜ್ಜನ ವಿಡಿಯೊ ಬಂದಾಗ ಫಾರ್ವರ್ಡ್ ಮಾಡುವ ಮೊದಲು, ನಿಮ್ಮದೇ ಮನೆಯಲ್ಲಿ ಯಾವ ಕೋಣೆಯ ಬಾಗಿಲು ಬಹಳ ದಿನದಿಂದ ಮುಚ್ಚಿದೆ ಎಂದು ಒಮ್ಮೆ ನೋಡಿ.